ಮೇಜಿನ ಕೆಳಗಿನ ಗುಂಡಿ

ಅಣ್ಣಾ,

ಅಕ್ಷರ ಸೊಟ್ಟಗಿದೆ ಅಂತ ಬೈಯಬೇಡ, ಎಡಗೈಯಲ್ಲಿ ಬರೆಯುತ್ತಿದ್ದೇನೆ.

ನೀನು ಸತ್ತ ದುಃಖ ಕಡಿಮೆಯಾಗಲಿ ಎಂದು ಇವತ್ತು ನನ್ನನ್ನು ಅದೇ ಆಸ್ಪತ್ರೆಯ ಅದೇ ಆಪ್ತಸಮಾಲೋಚಕಿಯ ಹತ್ತಿರ ಕಳಿಸಿದರು. ನೀನು ಸಂಕಟ ತಡೆಯಲಾರದೆ ನಮ್ಮ ಮನೆಮಾತಿನಲ್ಲಿ ಕೂಗಿಕೊಂಡಾಗ, ಮೇಜಿನ ಕೆಳಗಿನ ಗುಂಡಿ ಒತ್ತಿ ಕಾವಲಿನವರನ್ನು ಕರೆಸಿದವಳು ಅವಳೇ. ಅವರು ನಿನ್ನ ಕತ್ತಿನ ಮೇಲೆ ಮಂಡಿಯೂರಿ, ಬಾಯಲ್ಲಿ ರಕ್ತ ಬರಿಸಿ ಕೊಂದ ಜಾಗದಲ್ಲಿ ಹೊಸ ಕಾರ್ಪೆಟ್ ಕಂಡಿತು. ಅವತ್ತು ಹೊರಗೆ ನಿನ್ನ ಚಪ್ಪಲಿ ಕಾಯುತ್ತಾ ಕೂತಿದ್ದೆ ನಾನು.

"ಚಪ್ಪಲಿ ಜೊತೆ ನಮ್ಮ ಮಾತನ್ನೂ ಹೊರಗೆ ಬಿಟ್ಟು ಹೋಗ್ಬೇಕು ಕಣೇ" ಎಂದು ನಗಿಸುತ್ತಿದ್ದೆಯಲ್ಲ, ಹಾಗೇ ಹೋದೆ. ಬಿಳಿಯರ ಹಾಗೆ, ಅವರದೇ ಭಾಷೆಯಲ್ಲಿ ನಯವಾಗಿ, ಅಳೆದು ತೂಗಿ ಮಾತಾಡಿದೆ.

"ನಿಮ್ಮ ಬಣ್ಣದವರಲ್ಲಿ ಇಷ್ಟು ಚೆನ್ನಾಗಿ ಮಾತಾಡೋರು ಅಪರೂಪ" ಎಂದಳು. "ಇಲ್ಲಿ ಭಯ ಬೇಡ. ಮನೇಲಿ ಮಾತಾಡೋ ಹಾಗೇ ಮಾತಾಡಿ."

ದನಿ ಏರಿಸದೆ, ಮನೆಮಾತಿನಲ್ಲೇ ಕೇಳಿದೆ: "ನಮ್ಮಣ್ಣನ್ನ ಯಾಕೆ ಕೊಲ್ಲಿಸಿದ್ರಿ?"

ಅವಳ ಕೈ ಮೇಜಿನ ಕೆಳಗೆ ಹೋಯಿತು. ಓಡಿಬಂದವರು ನನ್ನ ಬಲಗೈಯನ್ನು ಬೆನ್ನಿಗೆ ತಿರುಚಿ ಲಟಕ್ಕನೆ ಮುರಿದರು, ಮುಖವನ್ನು ನೆಲಕ್ಕೆ ಅದುಮಿದರು.

ಆಗ ಹತ್ತಿರದಿಂದ ನೋಡಿದೆ. ಕಾರ್ಪೆಟ್ ಹೊಸದಲ್ಲ ಅಣ್ಣಾ. ತೊಳೆದಿದ್ದಾರೆ ಅಷ್ಟೇ. ನಿನ್ನ ರಕ್ತದ ಕಲೆ ಹಾಗೇ ಇದೆ.