ಬಿಗಿಹಾದಿಯಲ್ಲಿ ಹನ್ನೊಂದು ದಿನ

ಕೋಡಿಪೇಟೆ ಅಳಿವೆ,
ಕ್ರಿ.ಶ. ೨೨೮೭, ಜ್ಯೇಷ್ಠ ಮಾಸದ ಐವತ್ತಮೂರನೆಯ ದಿನ.

ಮಹಾಜನರೇ, ನನ್ನ ಪೂರ್ವಿಕರೇ,

ಹೌದು, ಐವತ್ತಮೂರೇ. ಮಳೆ ಹಿಡಿಯುವ ತನಕ ನಮ್ಮಲ್ಲಿ ಜ್ಯೇಷ್ಠ ಮುಗಿಯುವುದಿಲ್ಲ. ನನ್ನ ಒಂದೆರಡು ಮಾತು ನಿಮ್ಮ ಕಿವಿಗೆ ಒರಟಾಗಿ ಬಿದ್ದರೆ ಸಹಿಸಿಕೊಳ್ಳಿ. ನಾನು ಈ ಊರಿನ ದಿನಗಾರ್ತಿ. ಅಂದರೆ ಯಾವ ಕೆಲಸ ಯಾವುದರ ಹಿಂದೆ, ಯಾವುದಕ್ಕೆ ಎಷ್ಟು ದಿನ ಎಂದು ಪಟ್ಟಿ ಕಟ್ಟುವವಳು.

ಅರವತ್ತೊಂದನೆಯ ದಿನ ದೊಡ್ಡ ಉಬ್ಬರ. ಅಷ್ಟರೊಳಗೆ ಅಳಿವೆಗೆ ಉಬ್ಬರ ತಡೆಯುವ ಕಡಲಬಾಗಿಲು ಕೂರದಿದ್ದರೆ ಕೆಳಪೇಟೆಯ ಆರುನೂರು ಮನೆ ಸಮುದ್ರದ ಪಾಲು. ಬಾಗಿಲು ಎರಕ ಹೊಯ್ಯಲು ನಲವತ್ತು ದಿನ, ಎಳೆದು ತರಲು ಆರು, ನೀರಡಿಯಲ್ಲಿ ತಿರುಗಣಿ ಕೂರಿಸಲು ಹದಿನಾಲ್ಕು. ಒಟ್ಟು ಅರವತ್ತು! ಒಂದು ಮುಗಿಯದೆ ಇನ್ನೊಂದು ಶುರುವಾಗದ ಈ ಸಾಲನ್ನು ಬಿಗಿಹಾದಿ ಎನ್ನುತ್ತೇವೆ. ನಾಟಕದಲ್ಲಿ ರಾಕ್ಷಸನ ವೇಷದವನೇ ಮುಂದಿನ ದೃಶ್ಯಕ್ಕೆ ಮಹಾರಾಜನೆಂದುಕೊಳ್ಳಿ. ಅವನು ಬಣ್ಣ ತೊಳೆಯುವ ತನಕ ಪರದೆ ಏಳದು. ಸೇನಾಪತಿ ಎಷ್ಟು ಬೇಗ ಕಿರೀಟ ಕಟ್ಟಿಕೊಂಡರೇನು ಬಂತು?

ಜ್ಯೇಷ್ಠದ ಮೊದಲ ದಿನ ತುಂಬಿದ ಸಭೆಯಲ್ಲಿ ಪಟ್ಟಿ ಓದಿದೆ. ನೀರಡಿಯ ಕೆಲಸ ಬಲ್ಲವರು ಇಡೀ ಊರಿಗೆ ಒಂದೇ ಮನೆತನ, ಹದಿನಾರು ಜನ. ಅವರ ಹಿರಿಯ ಬೀರಜ್ಜ, ತೊಂಬತ್ತಾರು ದಾಟಿದವನು, ಮುಂದಿನ ಸಾಲಿನಲ್ಲೇ ಕೂತಿದ್ದ. ಓದಿ ಮುಗಿಸಿದಾಗ ಕೆಮ್ಮುತ್ತ ಎದ್ದು ನಿಂತ.

"ಎಲ್ಲರ ಕೆಲ್ಸನೂ ಬರ್ದೆ ತಂಗಿ. ನಂದೊಂದು ಬಾಕಿ ಉಂಟು, ಅದ್ಕೆ ಯಾವ ದಿನ ಇಟ್ಟಿದ್ದೆ?"

ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಬರೆದುಕೊಳ್ಳಲಿಲ್ಲ.

ನಲವತ್ತಾರನೆಯ ದಿನ ಬಾಗಿಲು ತೇಲುತ್ತ ಅಳಿವೆಗೆ ಬಂತು. ದಡದಲ್ಲಿ ಜನವೋ ಜನ. ಅದೇ ಬೆಳಿಗ್ಗೆ ಬೀರಜ್ಜ ತೀರಿಕೊಂಡ. ಹದಿನಾರು ಜನಕ್ಕೂ ಹನ್ನೊಂದು ದಿನ ಸೂತಕ, ಕೆಲಸಕ್ಕೆ ನೀರಿಗಿಳಿಯುವಂತಿಲ್ಲ.

ಹಿರಿಮಗ ಸುಕ್ರಯ್ಯನ ಜಗಲಿಯಲ್ಲಿ ಮೂರು ಸಲ ಕೂತು ಬೇಡಿಕೊಂಡೆ. ಆರುನೂರು ಮನೆಯಲ್ಲಿ ಅವನದೂ ಒಂದು. ಮೂರನೆಯ ಸಲ ತಲೆ ತಗ್ಗಿಸಿಕೊಂಡೇ ಕೇಳಿದ:

"ಅಕ್ಕಾ, ಅಪ್ಪನ ಹೆಸರಲ್ಲಿ ನೀರು ಬಿಡೂಕೆ ಮುಂಚೆ ಆ ನೀರಿಗೇ ಇಳಿಯೂದು ಹ್ಯಾಂಗೆ?"

ನನ್ನಪ್ಪ ಹೋದಾಗ ನಾನೂ ಹನ್ನೊಂದು ದಿನ ಪಟ್ಟಿ ಮುಟ್ಟಿರಲಿಲ್ಲ.

ಇಂದು ಐವತ್ತಮೂರನೆಯ ದಿನ. ಸೂತಕ ಕಳೆಯಲು ಇನ್ನೂ ಮೂರು ದಿನವಿದೆ. ಆಮೇಲೆ ಉಳಿಯುವುದು ನಾಲ್ಕು, ಬೇಕಾದದ್ದು ಹದಿನಾಲ್ಕು. ಊರಿನ ಇನ್ನೂರು ಗಟ್ಟಿಗರು ಹಗ್ಗ ಹಿಡಿದು ದಡದಲ್ಲಿ ಸಿದ್ಧರಿದ್ದಾರೆ, ಆದರೆ ಅವರಿಗೆ ಕೊಡಲು ನನ್ನ ಬಳಿ ಕೆಲಸವಿಲ್ಲ. ಸುಮ್ಮನೆ ಕೂರಲಾರದೆ ಬಾಗಿಲಿಗೆ ಮೂರನೆಯ ಸಲ ಬಣ್ಣ ಬಳಿಯುತ್ತಿದ್ದಾರೆ. ಕೆಳಪೇಟೆಯ ಹೆಂಗಸರು ಪಾತ್ರೆ, ಹಾಸಿಗೆ, ಒರಳುಗುಂಡು ಹೊತ್ತು ಗುಡ್ಡ ಹತ್ತುತ್ತಿದ್ದಾರೆ. ದಾರಿಯಲ್ಲಿ ನನ್ನನ್ನು ಕಂಡರೆ ಒಬ್ಬರೂ ಬೈಯುವುದಿಲ್ಲ. ಬೈದಿದ್ದರೆ ಬದುಕುತ್ತಿದ್ದೆ.

ನಿನ್ನೆ ಪಟ್ಟಿಯನ್ನು ಮತ್ತೆ ಮೊದಲಿನಿಂದ ಕಟ್ಟಿದೆ. ಈ ಸಲ ಬಿಗಿಹಾದಿ ಎರಕದ ಕುಲುಮೆಯಿಂದ ಹೊರಡಲಿಲ್ಲ. ಅದರ ಮೊದಲ ಕೆಲಸವೇ ಬೇರೆ: ಇನ್ನೊಂದು ಮನೆತನಕ್ಕೆ ಮುಳುಗುವ ವಿದ್ಯೆ ಕಲಿಸುವುದು. ಅದಕ್ಕೆ ಎಂಟು ವರ್ಷ ಬೇಕು. ನನ್ನ ಕೈಯಲ್ಲಿರುವುದು ಎಂಟು ದಿನ.

ಆದ್ದರಿಂದ ಈ ಓಲೆ. ನಿಮ್ಮ ಕಾಲಕ್ಕೆ ಓಲೆಯಾದರೂ ತಲುಪೀತು, ಹಿಂದೆ ಹೋಗಿ ಆ ಕೆಲಸ ಶುರು ಮಾಡಲು ನನ್ನಿಂದ ಆಗದು. ನಿಮ್ಮ ಅಳಿವೆಯಲ್ಲೂ ನೀರಡಿಯ ಕೆಲಸ ಬಲ್ಲವರು ಒಂದೇ ಮನೆಯವರಿರಬಹುದು. ಅವರ ಬಾಗಿಲಿಗೆ ಹೋಗಿ, ಕೈಮುಗಿದು, ಇನ್ನೊಂದು ಮನೆಗೂ ಕಲಿಸಿರೆಂದು ಕೇಳಿ. ಅವರ ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರುವಾಗಲೇ ಕೇಳಿ.