ಒಮ್ಮೆ ದೇವಿ ಬಂದವಳು

ತೆಕ್ಕಟ್ಟೆ, ೧೯೪೫ ಫೆಬ್ರವರಿ ೧೧
ಬೆಳಿಗ್ಗೆ ಗಂಧ ತೇಯ್ದುಕೊಟ್ಟೆ. ಅಪ್ಪಯ್ಯ ದೇವಸ್ಥಾನಕ್ಕೆ ಹೊರಡುವಾಗ ಸಿಡುಬಿಗೆ ಚುಚ್ಚುವವನು ಬಂದ. ಊರವರ ಬಾಯಲ್ಲಿ 'ದೇವಿ ಹಾಕುವವ'.
"ದೇವಿ ಪೂಜೆ ಮಾಡ್ವರ ಮನೆಗೇ ದೇವಿ ಹಾಕುಕೆ ಬಂದ್ಯಾ?" ಅಪ್ಪಯ್ಯ ನಕ್ಕು ಕಳಿಸಿದರು. ತಂಗಿ ಮನೋರಮಾ ಬಾಗಿಲ ಹಿಂದೆ ಅಡಗಿದ್ದಳು.
ನನಗೆ ಮಂಗಳೂರಿನ ಹಾಸ್ಟೆಲಿನಲ್ಲೇ ದೇವಿ ಹಾಕಿದ್ದಾರೆ, ಏನೂ ಆಗಲಿಲ್ಲ. ಹೇಳಬಹುದಿತ್ತು. ಬಿ.ಎ. ಓದಿದ ಬಾಯಿ — ತೆರೆಯಲಿಲ್ಲ.

ಮಾರ್ಚ್ ೩
ಮೂರು ದಿನದ ಜ್ವರ. ಇಂದು ಮನೋರಮಾಳ ಹಣೆಯಲ್ಲಿ ಗುಳ್ಳೆ. ಸಿಡುಬೇ. ನೆರೆಯವರು ಬೇಲಿಯ ದಣಪೆಯಾಚೆಯಿಂದಲೇ ಕೇಳಿ ಹೋಗುತ್ತಾರೆ. ಅಮ್ಮ ಇದ್ದಿದ್ದರೆ...

ಮಾರ್ಚ್ ೧೦
ಮೈಯೆಲ್ಲ ಕೀವು. ರೆಪ್ಪೆ ಅಂಟಿದೆ. ಹತ್ತಿರ ಹೋಗುತ್ತೇನೆ, ಕೈ ಮುಂದೆ ಬರುವುದಿಲ್ಲ.
ಮಧ್ಯಾಹ್ನ ಮೀನು ಮಾರುವ ಜಲಜ ಬುಟ್ಟಿ ಹೊರಗಿಟ್ಟು ಅಂಗಳಕ್ಕೆ ಬಂದಳು. ಮುಖದ ತುಂಬ ಹಳೆಯ ಸಿಡುಬಿನ ಕಲೆ.
"ಹ್ವಾಯ್ ಸಣ್ಣಯ್ಯ, ಹೆಣ್ಣಿನ್ ಹತ್ರ ಯಾರ್ ಇದ್ರ್?"
"ನಾನಿದ್ದೆ."
"ನೀವ್ ಇದ್ದದ್ದ್ ಕಾಂತಿತ್ತ್. ಚಾಕ್ರಿ ಮಾಡ್ವರ್ ಯಾರ್ ಅಂದ್ ಕೇಂಡದ್."
ಜಗಲಿಯಲ್ಲಿ ಜಪ ಮಾಡುತ್ತಿದ್ದ ಅಪ್ಪಯ್ಯ ಎದ್ದು ಅಡ್ಡ ನಿಂತರು. ಅವಳ ಜಾತಿಯವರು ಈ ಹೊಸಿಲು ದಾಟಿದ್ದಿಲ್ಲ.
"ಅಯ್ಯ, ನಂಗ್ ಒಂದ್ ಸಲ ಬಂದ್ ಹೋಯ್ತ್. ಇನ್ ಬತ್ತಿಲ್ಲೆ. ಮೈಲಿಗೆ ಆರೆ ನಾನ್ ಹ್ವಾದ್ ಮೇಲೆ ತೊಳ್ಕಣಿ. ಹೆಣ್ಣೇ ಹ್ವಾರೆ ಎಂತ ತೊಳಿತ್ರಿ?"
ಅಪ್ಪಯ್ಯ ದಾರಿ ಬಿಟ್ಟರು.

ಮಾರ್ಚ್ ೧೩
ದಿನವೂ ಬರುತ್ತಾಳೆ. ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ರೆಪ್ಪೆ ಒರೆಸುತ್ತಾಳೆ. ನಾನು ಗೋಡೆಗೆ ಒರಗಿ ನಿಂತಿದ್ದೆ.
"ಸಣ್ಣಯ್ಯ, ಬಟ್ಲ್ ಹಿಡ್ಕಣಿ. ಗೋಡೆ ಬೀಳುದಿಲ್ಲ, ಅದನ್ನ್ ಬಿಡಿ."
ಮನೋರಮಾ ಜ್ವರದಲ್ಲಿ "ದೇವಿ... ಕಣ್ ಕಾಂತಿಲ್ಲೆ" ಎಂದಳು.
"ದೇವಿ ಅಲ್ಲ ಮಗಾ, ಜಲಜ. ಮೀನ್ ವಾಸ್ನೆ ಬತ್ತಿಲ್ಯಾ?"
ತಂಗಿ ನಕ್ಕಳು. ತುಟಿ ಬಿರಿಯಿತು.
ಇಷ್ಟು ವರ್ಷ ಗರ್ಭಗುಡಿಯೆದುರು ಕೈಮುಗಿದಿದ್ದೇನೆ. ಅಲ್ಲಿ ಯಾರೋ ಇದ್ದಾರೆ ಅನ್ನಿಸಿರಲಿಲ್ಲ. ಇಂದು ಬಟ್ಟಲು ಹಿಡಿದಾಗ ಅನ್ನಿಸಿತು. ಬರೆಯಲೂ ನಾಚಿಕೆ.

ಮಾರ್ಚ್ ೧೬
ಹೊಸಿಲು ತೊಳೆಯಲೇ ಎಂದೆ. ಅಪ್ಪಯ್ಯ ಚೊಂಬು ಹಿಡಿದು ಬಾವಿಗೆ ಹೋದರು. ಜಲಜ ಬರುವ ಹೊತ್ತಿಗೆ ಮೆಟ್ಟಿಲ ಬಳಿ ಚೊಂಬಿನಲ್ಲಿ ನೀರಿಟ್ಟರು — ಕಾಲು ತೊಳೆಯಲು, ನೆಂಟರಿಗೆ ಇಡುವ ಹಾಗೆ. ಅವಳು ತಿಳಿಯದೆ ಅದನ್ನು ತುಳಸಿಗೆ ಹೊಯ್ದಳು. ಅಪ್ಪಯ್ಯ ಮತ್ತೆ ತುಂಬಿಸಿ ಇಟ್ಟರು.

ಮಾರ್ಚ್ ೨೧
ಜ್ವರ ಇಲ್ಲ. ಗುಳ್ಳೆ ಒಣಗಿ ಹೊಪ್ಪಳೆ ಉದುರುತ್ತಿದೆ. ಮನೋರಮಾ ಎಡಗಣ್ಣು ಬಿಟ್ಟಳು. ಜಲಜಳನ್ನೇ ನೋಡಿದಳು, ತುಂಬ ಹೊತ್ತು.
"ನನ್ ಮುಖವೂ ನಿನ್ ಹಾಂಗೇ ಆಯ್ತಾ?"
"ನಂದೇ ಚಂದ. ನೀನ್ ಇನ್ನೂ ಕಲಿಕ್."
ಆಮೇಲೆ ಜಲಜ ಅವಳ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಬಲಗಣ್ಣಿನ ರೆಪ್ಪೆ ಮೆಲ್ಲಗೆ ಬಿಡಿಸಿದಳು. ಎದುರು ಬೆರಳು ಹಿಡಿದಳು.
"ಎಷ್ಟ್, ಮಗಾ?"
ಮನೋರಮಾ ಬೆರಳಿಗಾಗಿ ಗಾಳಿಯಲ್ಲಿ ತಡವಿದಳು. ಜಲಜ ನನ್ನತ್ತ ನೋಡಲಿಲ್ಲ. ಕಿಟಕಿಯ ಕಡೆಗೆ ಅವಳನ್ನು ತಿರುಗಿಸಿ ಮತ್ತೆ ಕೇಳಿದಳು. ಮತ್ತೆ ಮನೋರಮಾ ಬೆರಳುಗಳನ್ನು ಮುಟ್ಟಿಯೇ ಎಣಿಸಿದಳು.