ತಗಡಿನ ಅಂಚಿನ ವೈರು

ಮಾರ್ಚ್ ೧೪, ಶುಕ್ರವಾರ

ಕಣ್ಣು ಮುಚ್ಚಿದರೆ ಆ ವೈರೇ ಕಾಣುತ್ತದೆ. ಇಂದು ಬಿಕರ್ನಕಟ್ಟೆಯಲ್ಲಿ ಗುಲಾಬಿಯ ಮನೆಯ ಶೀಟಿನ ಮಾಡಿಗೆ ಸೋಲಾರ್ ಪ್ಯಾನೆಲ್ ಕೂರಿಸಿ, ವೈರನ್ನು ತಗಡಿನ ಹರಿತ ಅಂಚಿನ ಮೇಲಿಂದ ಹಾಗೇ ಇಳಿಸಿದ್ದೆ, ಅದಕ್ಕೆ ರಕ್ಷಣೆಯ ಪೈಪು ಆಮೇಲೆ ಹಾಕೋಣವೆಂದು. ಅಷ್ಟರಲ್ಲಿ ಅವಳು, "ಬನ್ನಿ ಪೊರ್ಬುಗಳೇ, ಬಂಗುಡೆ ಮೀನಿನ ಸಾರು ತಣಿತದೆ" ಎಂದಳು; ಕ್ರಿಶ್ಚಿಯನ್ನರಾದ ನಮ್ಮನ್ನು ಇಲ್ಲಿ ಕರೆಯುವುದೇ ಪೊರ್ಬುಗಳೆಂದು. ಉಂಡೆ, ಮರೆತೆ, ಮನೆಗೆ ಬಂದೆ. ನಾನೇ ಕಲಿತ ಕೆಲಸ, ಬೈಯಲು ಗುರುವೂ ಇಲ್ಲ.

ಬಿಸಿಲಿಗೆ ತಗಡು ಹಿಗ್ಗಿ ವೈರು ಕೊಯ್ದರೆ ಇಡೀ ಮಾಡಿಗೆ ಕರೆಂಟು. ಅವಳು ಬಟ್ಟೆ ಒಣಗಿಸುವ ತಂತಿಯನ್ನೂ ಆ ಮಾಡಿನ ಕಬ್ಬಿಣಕ್ಕೇ ಕಟ್ಟಿದ್ದಾಳೆ.

ಫೋನು ಮಾಡಿದೆ. "ನಾನು ಬರುವವರೆಗೆ ಆ ತಂತಿ ಮುಟ್ಟಬೇಡ ಮಾರಾಯ್ತಿ."

"ಎಂತ ಪೊರ್ಬುಗಳೇ! ಸಾರಿಗೆ ಉಪ್ಪು ಹೆಚ್ಚಾದ್ದು ಹೇಳ್ಲಿಕ್ಕೆ ಮಾಡಿದ್ದು ಅಂದ್ಕೊಂಡೆ." ನಕ್ಕಳು. ಆಯ್ತು ಎನ್ನಲಿಲ್ಲ.

ರಾತ್ರಿ ಪ್ಯಾನೆಲಿನಲ್ಲಿ ಕರೆಂಟಿಲ್ಲ, ಸೂರ್ಯ ಬಂದೊಡನೆ ಬರುತ್ತದೆ. ಅವನಿಗಿಂತ ಮೊದಲು ನಾನು ಬಿಕರ್ನಕಟ್ಟೆ ತಲುಪಬೇಕು. ಅಲಾರಂ ಇಟ್ಟಿದ್ದೇನೆ, ಆದರೂ ಮಲಗುವ ಧೈರ್ಯವಿಲ್ಲ.